ಕಾರಿಗೆ ದಮ್ಮು ಬಂದದ್ದು

ಮೊನ್ನೆ ನನ್ನ ತಂಗಿಯ ಮಗಳ ಕಾರು ಬಳ್ಳಾರಿಯ ಗಾಂಧಿನಗರದ ನಡುರಸ್ತೆಯಲ್ಲಿ ಕೈಕೊಟ್ಟಿತು. ಗ್ಯಾರೇಜಿನಿಂದ ಬಂದ ತರುಣ ಬಾನೆಟ್ಟನ್ನು ಕೂಡ ಎತ್ತಲಿಲ್ಲ. ಸ್ಟೀರಿಂಗಿನ ಕೆಳಗೆ ಒಂದು ವೈರು ಚುಚ್ಚಿ, ಕೈಯಲ್ಲಿದ್ದ ಪುಟ್ಟ ಯಂತ್ರವನ್ನು ಓದತೊಡಗಿದ. ಕಾರು ನಿಂತಾಗ ಎಷ್ಟು ವೇಗದಲ್ಲಿತ್ತು, ಎಂಜಿನ್ ಎಷ್ಟು ಕಾದಿತ್ತು, ಯಾವ ಭಾಗ ಮೊದಲು ತಪ್ಪಿತು, ಎಲ್ಲ ಅದರಲ್ಲಿ ಬಂತು.

"ಅಮ್ಮಾರ, ಕಾರಿನೊಳಗ ಕಂಪ್ಯೂಟರ್ ಇರತೈತ್ರಿ. ಕೆಟ್ಟ ಹೊತ್ತಿನಾಗ ಏನೇನು ನಡೀತಿತ್ತೋ ಎಲ್ಲಾ ನೆನಪಿಟ್ಟಿರತೈತಿ. ಕೇಳಿದ್ರ ಹೇಳತೈತಿ" ಎಂದ.

ಒಳ್ಳೆಯದೇ. ಆದರೆ ಹಿಂದಿನ ಸೀಟಿನಲ್ಲಿ ಕೂತಿದ್ದ ನನ್ನನ್ನು ಅವನು ಒಂದು ಮಾತೂ ಕೇಳಲಿಲ್ಲ. ನನಗೆ ಸ್ವಲ್ಪ ಸಿಟ್ಟು ಬಂತು. ಏಕೆಂದರೆ ನಮ್ಮ ಕಾಲದ ಕಾರಿಗೂ ಒಂದು ನೆನಪಿತ್ತು. ಅದು ಡಬ್ಬಿಯೊಳಗೆ ಇರುತ್ತಿರಲಿಲ್ಲ, ಹಿಂದಿನ ಸೀಟಿನಲ್ಲಿ ಕೂತು ಜಗಳವಾಡುತ್ತಿತ್ತು. ಆ ನೆನಪೇ ನನ್ನ ನೌಕರಿಯನ್ನು ಉಳಿಸಿತು.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಸಿರುಗುಪ್ಪದ ಹೆಣ್ಣು. ಭತ್ತದ ಗದ್ದೆಗಳ ಪಕ್ಕದಲ್ಲಿ ಬೆಳೆದು, ಟೀಚರ್ ಟ್ರೇನಿಂಗ್ ಮುಗಿಸಿ, ಕುರುಗೋಡಿನ ಒಂದು ಶಾಲೆಯಲ್ಲಿ ಕನ್ನಡ ಕಲಿಸುವ ಕೆಲಸ ಹಿಡಿದೆ. ಆಮೇಲೆ ಮದುವೆಯಾಗಿ ಬಳ್ಳಾರಿಗೆ ಬಂದೆ. ಆ ಕೆಲಸವೆಂದರೆ ನನಗೆ ಜೀವ. ಮನೆಯಲ್ಲಿ ನಾನು ಸೊಸೆ, ಹೆಂಡತಿ, ಅತ್ತಿಗೆ. ಶಾಲೆಯ ಹೊಸ್ತಿಲು ದಾಟಿದ ಮೇಲೆ ಮಾತ್ರ ನಾನು 'ಅಕ್ಕೋರು'. ನಮ್ಮ ಕಡೆ ಮಕ್ಕಳು ಟೀಚರಮ್ಮನನ್ನು ಕರೆಯುವುದು ಹಾಗೆ. ಆ ಹೆಸರನ್ನು ನಾನು ಬೇರೆ ಯಾರ ದಯೆಯಿಂದಲೂ ಪಡೆದಿರಲಿಲ್ಲ.

ನನ್ನ ಅತ್ತೆ ಆಂಧ್ರದ ಆದವಾನಿ ಕಡೆಯವರು. ಮನೆಯಲ್ಲಿ ಕನ್ನಡವನ್ನೇ ಆಡುತ್ತಿದ್ದರೂ ಸಿಟ್ಟು ಬಂದಾಗ ಮಾತು ತಾನಾಗಿ ತೆಲುಗಿಗೆ ಜಾರುತ್ತಿತ್ತು. ಅವರಿಗೆ ದಮ್ಮು ಇತ್ತು. ಸಂಜೆಯ ತಂಪು ಗಾಳಿ, ಒಲೆಯ ಹೊಗೆ ಎರಡೂ ಸೇರಿದರೆ ಗೋಡೆ ಹಿಡಿದು ಕೂತು, ಒಂದೊಂದು ಉಸಿರಿಗೂ ಒದ್ದಾಡುತ್ತಿದ್ದರು. ಅದಕ್ಕೇ ಅವರದ್ದೊಂದು ಕರಾರು. ನಾನು ನೌಕರಿ ಮಾಡಬಹುದು, ಆದರೆ ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿರಬೇಕು. ದೀಪ ಹಚ್ಚುವುದೂ ಒಲೆ ಹೊತ್ತಿಸುವುದೂ ನನ್ನ ಪಾಲು. ಇದರಲ್ಲಿ ಅನ್ಯಾಯವೇನೂ ನನಗೆ ಕಾಣಲಿಲ್ಲ. ಕಾರು ಸರಿಯಾಗಿ ಓಡಿದ್ದರೆ ಈ ಕಥೆಯೂ ಇರುತ್ತಿರಲಿಲ್ಲ.

ಬಸ್ಸನ್ನು ನಂಬಿ ಕೂರುವ ಹಾಗಿರಲಿಲ್ಲ. ಬಳ್ಳಾರಿಯಿಂದ ಕುರುಗೋಡಿಗೆ ಹೋಗುವ ನಾವು ಮೂವರು ಸೇರಿ ಒಂದು ಬಾಡಿಗೆ ಕಾರು ಗೊತ್ತು ಮಾಡಿಕೊಂಡಿದ್ದೆವು. ಲೆಕ್ಕದ ಅಕ್ಕೋರು, ಹೊಲಿಗೆಯ ಅಕ್ಕೋರು, ಮತ್ತು ನಾನು. ಕಾರು ಹಳೆಯದು, ಕಪ್ಪು ಬಣ್ಣದ್ದು. ಅದರ ಡ್ರೈವರಣ್ಣ ಕುರುಗೋಡು ಸೀಮೆಯವನೇ, ಮಹಾ ಶಿವಭಕ್ತ. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ ಇಲ್ಲದೆ ಅವನನ್ನು ನಾನು ಒಂದು ದಿನವೂ ನೋಡಿದ್ದಿಲ್ಲ. ನಮ್ಮನ್ನು ಬೆಳಿಗ್ಗೆ ಶಾಲೆಗೆ ಬಿಟ್ಟು, ಹಗಲೆಲ್ಲ ಸಿರುಗುಪ್ಪಕ್ಕೋ ರಾರಾವಿಗೋ ಬೇರೆ ಮಂದಿಯನ್ನು ಕರೆದೊಯ್ದು, ಸಂಜೆ ಮತ್ತೆ ನಮಗಾಗಿ ಬರುತ್ತಿದ್ದ. ಸೋಮವಾರ ಮಾತ್ರ ಬೇರೆ ಬಾಡಿಗೆ ಹಿಡಿಯುತ್ತಿರಲಿಲ್ಲ. ಅವತ್ತು ಹಗಲಿಡೀ ಕುರುಗೋಡಿನ ದೊಡ್ಡ ಬಸವಣ್ಣನ ಗುಡಿಯಲ್ಲಿ ಅವನ ಸೇವೆ.

ಆ ಕಾರು ಸಂಜೆ ಬರುವಾಗ ನಿಲ್ಲುತ್ತಿತ್ತು. ದಿನಾ ಅಲ್ಲ. ದಿನಾ ನಿಂತಿದ್ದರೆ ಬೇರೆ ಕಾರು ಹುಡುಕುತ್ತಿದ್ದೆವು. ಯಾವಾಗಲೋ ಒಮ್ಮೆ, ಕಾಲುವೆಯ ಸೇತುವೆ ದಾಟಿ ಹತ್ತಿ ಹೊಲಗಳ ನಡುವೆ ಬಂದಾಗ, ಎರಡು ಸಲ ಕೆಮ್ಮಿ ಸುಮ್ಮನಾಗುತ್ತಿತ್ತು. ಡ್ರೈವರಣ್ಣ ಇಳಿದು ಮೊದಲು ಕೈಮುಗಿಯುತ್ತಿದ್ದ. ಆಮೇಲೆ ಬಾನೆಟ್ ಎತ್ತಿ ಎಂಜಿನ್ನಿನ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದ. ಆಮೇಲೆ ಪ್ಲಗ್ಗುಗಳನ್ನು ಬಿಚ್ಚಿ ಒರೆಸುತ್ತಿದ್ದ. ಎಲ್ಲ ಮುಗಿದ ಮೇಲೆ, ಬೇರೇನೂ ತೋಚದೆ, ಹಿಂದೆ ಹೋಗಿ ಟ್ಯಾಂಕಿನ ಮುಚ್ಚಳ ತೆಗೆದು, ಪೆಟ್ರೋಲ್ ಇದೆಯೋ ಇಲ್ಲವೋ ಎಂದು ಕಡ್ಡಿ ಇಳಿಸಿ ನೋಡುತ್ತಿದ್ದ. ಪೆಟ್ರೋಲ್ ಇರುತ್ತಿತ್ತು. ಬಂದು ಕೀಲಿ ತಿರುವಿದರೆ ಕಾರು ಏನೂ ಆಗಿಲ್ಲವೆಂಬಂತೆ ಹೊರಡುತ್ತಿತ್ತು. "ಬಸವಣ್ಣ ಕಣ್ಣು ತಗದಾ" ಎನ್ನುತ್ತಿದ್ದ ಅವನು. ಅಷ್ಟರಲ್ಲಿ ಕುರುಗೋಡಿನ ಗುಡ್ಡದ ಹಿಂದೆ ಸೂರ್ಯ ಕಣ್ಣು ಮುಚ್ಚಿರುತ್ತಿದ್ದ.

ಗಾಂಧಿನಗರದ ಹಿಂದೆ ಬೇವಿನ ಮರದ ಕೆಳಗೆ ಒಬ್ಬ ಮೇಸ್ತ್ರಿಯ ಶೆಡ್ಡು ಇತ್ತು. ಕಾರು ರಿಪೇರಿಯಲ್ಲಿ ತನ್ನನ್ನು ಮೀರಿಸುವವರು ಹುಟ್ಟಿಲ್ಲವೆಂದು ಅವರೇ ಹೇಳಿಕೊಳ್ಳುತ್ತಿದ್ದರು. ಮನೆಮಾತು ತೆಲುಗು, ಬೈಗುಳ ಉರ್ದು. ನಮ್ಮ ಕಾರು ಅವರ ಮುಂದೆ ಹೋದರೆ ಒಳ್ಳೆಯ ಮನೆತನದ ಹುಡುಗಿಯ ಹಾಗೆ ವರ್ತಿಸುತ್ತಿತ್ತು. ಒಂದು ಕೆಮ್ಮಿಲ್ಲ, ಒಂದು ನಡುಕವಿಲ್ಲ.

"ಇಲ್ಲಿ ಓಡಾಕತ್ತೈತಿ. ಓಡೋ ಕಾರಿನಾಗ ನಾನೇನು ನೋಡ್ಲಿ? ನಿಂತಾಗ ಏನಾತು ಹೇಳು" ಎಂದು ಮೇಸ್ತ್ರಿ ಕೇಳಿದರೆ, ಡ್ರೈವರಣ್ಣನ ಉತ್ತರ ಯಾವಾಗಲೂ ಒಂದೇ: "ನಿಂತತು."

ಒಮ್ಮೆ ಅವರು ಬಾನೆಟ್ಟಿನೊಳಗೆ ತಲೆಯಿಟ್ಟು "ಚಾಲು! ಚಾಲು!" ಎಂದು ಕೂಗಿದರು. ಡ್ರೈವರಣ್ಣ ಸ್ಟಾರ್ಟರ್ ಒತ್ತಿಯೇ ಒತ್ತಿದ. ಅವರು ಇನ್ನೂ ಜೋರಾಗಿ ಕೂಗಿದರು, ಇವನು ಇನ್ನೂ ಜೋರಾಗಿ ಒತ್ತಿದ. ಕೊನೆಗೆ ಬ್ಯಾಟರಿಯೇ ಸತ್ತುಹೋಯಿತು. ತೆಲುಗಿನಲ್ಲಿ ಚಾಲು ಎಂದರೆ ಸಾಕು. ನಮ್ಮ ಕಡೆಯ ಮಾತಿನಲ್ಲಿ ಚಾಲು ಮಾಡು ಎಂದರೆ ಶುರು ಮಾಡು. ಡ್ರೈವರಣ್ಣನಿಗೆ ತೆಲುಗು ಬರುತ್ತಿರಲಿಲ್ಲವೆಂದಲ್ಲ. ಕಾರಿನೊಳಗೆ ಕೂತಾಗ ಅವನ ಕಿವಿ ಕನ್ನಡದ್ದಾಗಿರುತ್ತಿತ್ತು, ಅಷ್ಟೇ.

ಅವತ್ತಿನಿಂದ ಮೇಸ್ತ್ರಿ ಒಂದು ಹೊಸ ಕಟ್ಟಳೆ ಮಾಡಿದರು. "ಇವನ ಮಾತಿನಾಗ ಏನೂ ಸಿಗಂಗಿಲ್ಲ. ಕಾರಿನಾಗ ಯಾರ್ಯಾರು ಕುಂತಿದ್ರೋ ಎಲ್ಲಾರೂ ಬರ್ರಿ. ಏನು ನೋಡಿದ್ರಿ, ಏನು ಕೇಳಿದ್ರಿ, ಏನು ಮೂಸಿದ್ರಿ, ಎಲ್ಲಾ ಹೇಳ್ರಿ. ಬ್ಯಾಡಾದ್ದನ್ನ ನಾನು ಬಿಡತೀನಿ."

ಹೀಗೆ ನಾವು ಮೂವರು ಅಕ್ಕೋರು ಆ ಶೆಡ್ಡಿನ ಬೆಂಚಿನ ಮೇಲೆ ಕೂತು ಸಾಕ್ಷಿ ಹೇಳಲು ಶುರುಮಾಡಿದೆವು. ಲೆಕ್ಕದ ಅಕ್ಕೋರಿಗೆ ಜಾಗದ ನೆನಪು. ಯಾವ ಮರ, ಯಾವ ಹೊಲ, ಎಲ್ಲ ಹೇಳುತ್ತಿದ್ದರು. ಹೊಲಿಗೆಯ ಅಕ್ಕೋರಿಗೆ ವಾರದ ನೆನಪು. "ಸೋಮವಾರನ ನಿಲ್ಲೋದು" ಎಂದರು. "ಬಸವಣ್ಣನ ವಾರ ಕೆಟ್ಟದ್ದು ಹೆಂಗಾಕ್ಕೈತ್ರಿ? ಮಂಗಳವಾರನೂ ನಿಂತಿತ್ತಲ್ಲ!" ಎಂದು ಡ್ರೈವರಣ್ಣ ಅವರ ಮೇಲೆ ಹರಿಹಾಯ್ದ. ನನಗೆ ಮಾತಿನ ನೆನಪು. ಕಾರು ನಿಂತಾಗ ಯಾರು ಏನು ಹೇಳುತ್ತಿದ್ದರು ಎಂಬುದು ಅಕ್ಷರ ತಪ್ಪದೆ ಗೊತ್ತಿತ್ತು, ಆದರೆ ಅದರಿಂದ ಎಂಜಿನ್ನಿಗೆ ಏನು ಉಪಯೋಗ? ಮೇಸ್ತ್ರಿ ಪ್ಲಗ್ ಬದಲಿಸಿದರು, ಕಾರ್ಬುರೇಟರ್ ತೊಳೆದರು, ಪಂಪಿನ ವಾಷರ್ ಹೊಸದು ಹಾಕಿದರು. ಕಾರು ಮತ್ತೆ ನಿಂತಿತು.

ಆ ಸಂಜೆ ಮನೆಗೆ ಬಂದಾಗ ಅತ್ತೆ ತಾವೇ ಒಲೆ ಹೊತ್ತಿಸಲು ಹೋಗಿ ಗೋಡೆಗೆ ಒರಗಿ ಕೂತಿದ್ದರು. ಬೆನ್ನು ನೀವಿದೆ, ಬಿಸಿನೀರು ಕೊಟ್ಟೆ. ಉಸಿರು ತಹಬಂದಿಗೆ ಬಂದ ಮೇಲೆ ಅವರು ಎರಡೇ ಮಾತು ಹೇಳಿದರು.

"ಇಂಕ ಚಾಲು, ಅಮ್ಮಾಯಿ."

ಇನ್ನು ಸಾಕು, ಹುಡುಗಿ ಎಂದರ್ಥ. ಸಾಕೆಂದದ್ದು ನನ್ನ ನೌಕರಿಗೆ. ನಮ್ಮನೆಯವರು ಒಮ್ಮೆ ತಾಯಿಯ ಮುಖ ನೋಡಿದರು, ಒಮ್ಮೆ ನನ್ನ ಮುಖ ನೋಡಿದರು, ಕೊನೆಗೆ ಪೇಪರಿನಲ್ಲಿ ಮುಖ ಮುಚ್ಚಿಕೊಂಡರು. ನಾನು ಸುಮ್ಮನಿರಬೇಕಿತ್ತೋ ಏನೋ, ನನ್ನ ಬಾಯಿ ಸುಮ್ಮನಿರುವ ಬಾಯಲ್ಲ.

"ಅತ್ತೀ, ಕಾರು ನಿಂತ್ರ ನಾನೇನು ಮಾಡ್ಲಿ? ನೀವ ಒಂದಿನ ಬಂದು ನೋಡ್ರಿ" ಎಂದೆ.

"ಬರತೀನಿ. ನಾನು ಬಂದಾಗೂ ಹೊತ್ತು ಮುಳುಗಿಸಿದ್ರ, ಮರುದಿನ ರಾಜೀನಾಮಿ ಕೊಟ್ಟು ಬರಬೇಕು" ಎಂದರು ಅವರು. ಹೂಂ ಎಂದೆ.

ಮುಂದಿನ ಸೋಮವಾರ ಅತ್ತೆ ನಮ್ಮ ಜೊತೆ ಹೊರಟರು. ಬಸವಣ್ಣನ ದರ್ಶನವೂ ಆಯಿತು, ಸೊಸೆಯ ವಿಚಾರಣೆಯೂ ಆಯಿತು ಎಂಬ ಲೆಕ್ಕ. ಹಗಲೆಲ್ಲ ನನಗೆ ಪಾಠದ ಮೇಲೆ ಗಮನವಿರಲಿಲ್ಲ. ಕಾರು ನಿಂತರೆ ನೌಕರಿ ಹೋಯಿತು. ನಿಲ್ಲದಿದ್ದರೆ ಇಷ್ಟು ದಿನ ನಾನು ಸುಳ್ಳು ಹೇಳಿದೆನೆಂದು ಆಯಿತು. ಮಕ್ಕಳು ಓದುತ್ತಿದ್ದ ಪದ್ಯ ನನ್ನ ಕಿವಿಯ ಪಕ್ಕದಿಂದ ಹಾದುಹೋಗುತ್ತಿತ್ತು. ಇದೇ ಕೋಣೆ, ಇದೇ ಕಪ್ಪುಹಲಗೆ, ಇನ್ನೊಂದು ವಾರಕ್ಕೆ ಬೇರೆಯವರದಾಗುತ್ತದೆ ಎಂದುಕೊಂಡಾಗ ನಿಜವಾಗಿಯೂ ಅಳು ಬಂತು. ಮಕ್ಕಳ ಕಡೆ ಬೆನ್ನು ತಿರುಗಿಸಿ ಹಲಗೆ ಒರೆಸಿದೆ.

ಸಂಜೆ ಡ್ರೈವರಣ್ಣ ಕಾರನ್ನು ಮದುವಣಗಿತ್ತಿಯಂತೆ ಸಿಂಗರಿಸಿ ತಂದಿದ್ದ. ಅಮ್ಮಾರು ಕೂತುಕೊಳ್ಳುವ ಕಾರು ಎಂದು ಅವತ್ತು ವಿಭೂತಿಗೆ ಲೆಕ್ಕವೇ ಇರಲಿಲ್ಲ. ಬಾನೆಟ್ಟಿಗೆ, ದೀಪಗಳಿಗೆ, ಬಾಗಿಲುಗಳಿಗೆ, ಎಲ್ಲ ಕಡೆ ಮೂರು ಬಿಳಿ ಪಟ್ಟೆ. ಅತ್ತೆಗೆ ಬಹಳ ಸಂತೋಷವಾಯಿತು. ನಮಗೆ ಅದೇನೂ ವಿಶೇಷವೆನಿಸಲಿಲ್ಲ. ನಮ್ಮ ಸೀಮೆಯಲ್ಲಿ ಕಾರಿನ ಮೇಲೆ ವಿಭೂತಿ ಕಂಡರೆ ಯಾರು ತಿರುಗಿ ನೋಡುತ್ತಾರೆ?

ಕಾಲುವೆಯ ಸೇತುವೆ ದಾಟಿತು. ಕಾರು ಎರಡು ಸಲ ಕೆಮ್ಮಿತು. ನಿಂತಿತು.

ಲೆಕ್ಕದ ಅಕ್ಕೋರು ನನ್ನ ಕೈ ಹಿಡಿದುಕೊಂಡರು. ಡ್ರೈವರಣ್ಣ ಕೈಮುಗಿದ, ಒದ್ದೆ ಬಟ್ಟೆ ಹಾಕಿದ, ಪ್ಲಗ್ ಒರೆಸಿದ. ಹೊಲದ ಧೂಳಿಗೆ ಅತ್ತೆಯ ಉಸಿರು ಏರತೊಡಗಿತು. ಅವರು ಬಾಗಿಲು ತೆಗೆದು, ಕಾಲು ಹೊರಗಿಟ್ಟು, ಕಾರಿನ ಹಿಂಭಾಗಕ್ಕೆ ಮುಖ ಮಾಡಿ ಕೂತರು. ಡ್ರೈವರಣ್ಣ ಅವರ ಪಕ್ಕದಲ್ಲೇ ಬಗ್ಗಿ ಟ್ಯಾಂಕಿನ ಮುಚ್ಚಳ ತಿರುವಿದ. ಮುಚ್ಚಳ ಬಿಗಿಯಾಗಿತ್ತು. ಒತ್ತಿ ತಿರುವಿದಾಗ ಒಂದು ಸಣ್ಣ ಸಪ್ಪಳವಾಯಿತು. ನಾವೆಲ್ಲ ಎಷ್ಟೋ ಸಲ ಕೇಳಿದ್ದ ಸಪ್ಪಳವೇ.

"ಪಾಪ, ದಣದೈತ್ರಿ ಅಮ್ಮಾರ. ಉಸಿರು ಬಿಡಾಕತ್ತೈತಿ" ಎಂದ ಡ್ರೈವರಣ್ಣ.

ಅತ್ತೆ ಅವನ ಕೈಯಲ್ಲಿದ್ದ ಮುಚ್ಚಳವನ್ನೇ ನೋಡುತ್ತಾ ಕೂತರು. ಕಾರು ಎಂದಿನಂತೆ ಹೊರಟಿತು. ಬಳ್ಳಾರಿ ಮುಟ್ಟುವ ಹೊತ್ತಿಗೆ ಮನೆಮನೆಯಲ್ಲೂ ದೀಪ ಹತ್ತಿದ್ದವು. ನಮ್ಮ ಓಣಿಗೆ ತಿರುಗುವ ಜಾಗದಲ್ಲಿ ಅತ್ತೆ ಬಾಯಿ ತೆರೆದರು: "ಮನಿಗೆ ಬ್ಯಾಡ. ಆ ಮೇಸ್ತ್ರಿ ಹತ್ರ ನಡಿ."

"ತೊಳಕೊಂಡು ಹೋಗೂನ್ರಿ ಅಮ್ಮಾರ. ಧೂಳಾಗೈತಿ" ಎಂದ ಡ್ರೈವರಣ್ಣ.

"ಈಗ ನಡಿ ಅಂದೆ."

ಶೆಡ್ಡಿನಲ್ಲಿ ಮೇಸ್ತ್ರಿ ಎಂದಿನಂತೆ ವಿಚಾರಣೆಗೆ ಕೂತರು. ಲೆಕ್ಕದ ಅಕ್ಕೋರು ಸೇತುವೆ ಎಂದರು, ಹೊಲಿಗೆಯ ಅಕ್ಕೋರು ನೋಡಿ ಸೋಮವಾರವೇ ಎಂದರು, ಡ್ರೈವರಣ್ಣ ಸ್ಟೀರಿಂಗಿನ ಹಿಂದೆ ಕೂತೇ ಬಸವಣ್ಣನ ಪರ ವಾದಿಸಿದ. ನಾನು ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದೆ. ನೌಕರಿ ಹೋಗುವವಳು ನಾನು ತಾನೇ?

"ಚಾಲು!" ಎಂದು ಅತ್ತೆ ಗದರಿದರು.

ನಾವು ಮೂವರೂ ಬಾಯಿ ಮುಚ್ಚಿದೆವು. ಡ್ರೈವರಣ್ಣ ಮಾತ್ರ ಕಾರು ಸ್ಟಾರ್ಟ್ ಮಾಡಿದ. ಮೇಸ್ತ್ರಿ ಹಣೆ ಚಚ್ಚಿಕೊಂಡರು. ಆ ಸ್ಥಿತಿಯಲ್ಲೂ ನನಗೆ ನಗು ತಡೆಯಲಾಗಲಿಲ್ಲ. ಅವನು ಕಾರು ಬಂದ್ ಮಾಡಿದ ಮೇಲೆ ಅತ್ತೆ ಮೇಸ್ತ್ರಿಯ ಕಡೆ ತಿರುಗಿದರು.

"ಆ ಮುಚ್ಚಳ ತಗದಾಗ ಸಪ್ಪಳ ಬಂತು. ಇವನು ಕಾರು ಉಸಿರು ಬಿಟ್ಟತು ಅಂತಾನ. ಬಿಡಲಿಲ್ಲ. ಎಳಕೊಂತು."

"ಎರಡೂ ಒಂದ ಅಲ್ಲೇನಮ್ಮಾ?" ಎಂದರು ಮೇಸ್ತ್ರಿ.

"ನಿನಗ ಒಂದು. ದಮ್ಮು ಇದ್ದೋರಿಗೆ ಒಂದಲ್ಲ. ಬಿಡೋ ಉಸಿರಿನ ಸಪ್ಪಳ ಬ್ಯಾರೆ, ಸಿಗದ ಉಸಿರು ಸಿಕ್ಕಾಗ ಎಳಕೊಳ್ಳೋ ಸಪ್ಪಳ ಬ್ಯಾರೆ. ನಾನು ದಿನಾ ಸಂಜಿಕ ಅದನ್ನ ಕೇಳಾಕತ್ತೀನಿ. ಈ ಕಾರಿಗೆ ಉಸಿರು ಸಿಗವಲ್ದು."

ಮೇಸ್ತ್ರಿ ಟಾರ್ಚು ಹಿಡಿದು ಕಾರಿನ ಹಿಂದೆ ಹೋದರು. ನಾವೆಲ್ಲ ಅವರ ಬೆನ್ನ ಹಿಂದೆ ಮುತ್ತಿಕೊಂಡೆವು. ಟ್ಯಾಂಕಿನ ಮುಚ್ಚಳದ ಮೇಲೆ, ಬಾನೆಟ್ಟಿನ ಮೇಲೆ ಇದ್ದ ಹಾಗೆಯೇ, ಮೂರು ಪಟ್ಟೆ ವಿಭೂತಿ. ನೀರಿನಲ್ಲಿ ಕಲಸಿ ದಪ್ಪಗೆ ಬಳಿದದ್ದು ಒಣಗಿ ಸುಣ್ಣದಂತೆ ಗಟ್ಟಿಯಾಗಿತ್ತು. ಕೈಯಾಡಿದ ಕಡೆ ಮಾತ್ರ ಸ್ವಲ್ಪ ಉದುರಿತ್ತು. ಮೇಸ್ತ್ರಿ ಅದನ್ನು ಉಗುರಿನಿಂದ ಕೆರೆದರು. ಅದರಡಿ ಮುಚ್ಚಳದ ನಡುವೆ ಸೂಜಿಮೊನೆಯಷ್ಟು ತೂತೊಂದು ಕಂಡಿತು. ಅದರ ತುಂಬ ವಿಭೂತಿ ಕೂತಿತ್ತು.

"ಎಣ್ಣಿ ಡಬ್ಬಿಗಿ ಎರಡು ತೂತು ಯಾಕ ಹೊಡೀತೀವಿ?" ಎಂದರು ಅತ್ತೆ, ನಮ್ಮ ಕಡೆ ತಿರುಗಿ. ಅಕ್ಕೋರಿಗೇ ಪಾಠ.

ಅಷ್ಟೇ ಸಂಗತಿ. ಡಬ್ಬಿಗೆ ಒಂದೇ ತೂತು ಹೊಡೆದರೆ ಎಣ್ಣೆ ಬಾರದು, ಗಾಳಿ ಒಳಗೆ ಹೋಗಲು ಇನ್ನೊಂದು ಬೇಕು. ಎಂಜಿನ್ ಪೆಟ್ರೋಲ್ ಎಳೆದಷ್ಟೂ ಟ್ಯಾಂಕಿನೊಳಗೆ ಗಾಳಿ ಬರಬೇಕು. ಬರದಿದ್ದರೆ ಪಂಪಿಗೆ ಪೆಟ್ರೋಲ್ ಎಳೆಯಲಾಗದೆ ಕಾರು ನಿಲ್ಲುತ್ತದೆ. ಡ್ರೈವರಣ್ಣ ಸೋಮವಾರ ಗುಡಿಯಲ್ಲಿ ವಿಭೂತಿ ಬಳಿಯುತ್ತಿದ್ದ, ಸಂಜೆ ಕಾರು ನಿಲ್ಲುತ್ತಿತ್ತು. ಕೊನೆಗೆ ಮುಚ್ಚಳ ತೆಗೆದಾಗ ಗಾಳಿ ನುಗ್ಗಿ ಕಾರು ಬದುಕುತ್ತಿತ್ತು. ಬದುಕಿಸಿದ ಬಸವಣ್ಣನಿಗೆ ಕೃತಜ್ಞತೆಯೆಂದು ಮರುದಿನ ನಮ್ಮನ್ನು ಕರೆತರಲು ಹೊರಡುವ ಮುಂಚೆ ಇನ್ನಷ್ಟು ಬಳಿಯುತ್ತಿದ್ದ, ಮಂಗಳವಾರವೂ ನಿಲ್ಲುತ್ತಿತ್ತು.

"ನನ್ನ ಹತ್ರ ಬಂದಾಗ ಇದು ಯಾಕ ಕಾಣಲಿಲ್ಲ?" ಎಂದು ಮೇಸ್ತ್ರಿ ಗುಡುಗಿದರು.

"ಮೇಸ್ತ್ರಿ ಹತ್ರ ಕೊಳಕು ಕಾರು ತರಬಾರದಂತ ಪ್ರತಿ ಸಲಾನೂ ತೊಳಕೊಂಡು ಬರತಿದ್ನಿ" ಎಂದ ಡ್ರೈವರಣ್ಣ ಮೆಲ್ಲಗೆ.

ಮೇಸ್ತ್ರಿಯ ಉರ್ದುವನ್ನು ನಾನಿಲ್ಲಿ ಬರೆಯುವುದಿಲ್ಲ. ಕಾರು ತನ್ನ ರೋಗವನ್ನು ಮೈಮೇಲೆ ಬರೆದುಕೊಂಡೇ ಬರುತ್ತಿತ್ತು, ಇವನು ಮರ್ಯಾದೆಯಿಂದ ಅದನ್ನು ಒರೆಸಿ ತರುತ್ತಿದ್ದ.

ಅತ್ತೆ ತಮ್ಮ ಬಳೆಗೆ ಸಿಕ್ಕಿಸಿದ್ದ ಪಿನ್ನನ್ನು ತೆಗೆದುಕೊಟ್ಟರು. ಮೇಸ್ತ್ರಿ ಅದರಿಂದ ತೂತನ್ನು ಚೊಕ್ಕ ಮಾಡಿ, ಬಾಯಿಂದ ಊದಿ, ಬೆಳಕಿಗೆ ಹಿಡಿದು ನೋಡಿದರು. "ನನಗೂ ಅದ ಅನುಮಾನ ಇತ್ತು" ಎಂದರು. ಯಾರೂ ನಗಲಿಲ್ಲ. ಡ್ರೈವರಣ್ಣನ ಮುಖ ನೋಡಿದರೆ ನಗುವ ಹಾಗಿರಲಿಲ್ಲ. ಅವನ ಕಣ್ಣು ತುಂಬಿತ್ತು.

"ಸ್ವಾಮಿ ವಿಭೂತಿನ ಕಾರು ನಿಲ್ಲಿಸಿತೇನ್ರಿ ಅಮ್ಮಾರ?" ಎಂದ.

"ಹುಚ್ಚಾ, ವಿಭೂತಿ ಹಣಿಗೆ ಹಚ್ಚಬೇಕು, ಮೂಗಿಗೆ ತುಂಬಬಾರದು" ಎಂದರು ಅತ್ತೆ. "ಮುಂದ ಎಷ್ಟು ಬೇಕಷ್ಟು ಹಚ್ಚು. ಹಿಂದ ಕೈ ಹಚ್ಚಬ್ಯಾಡ."

ಮನೆಗೆ ಬಂದಾಗ ದೇವರ ಮುಂದೆ ಕತ್ತಲು. ನಾನು ಓಡಿಹೋಗಿ ದೀಪ ಹಚ್ಚಿದೆ, ಒಲೆ ಹೊತ್ತಿಸಿದೆ. ಅತ್ತೆ ಊಟ ಮಾಡಿದರು, ಮಲಗಿದರು. ರಾಜೀನಾಮೆಯ ಮಾತು ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಕಾರಿನ ರೋಗ ಸಿಕ್ಕಿತ್ತು, ನಿಜ. ಆದರೆ ಕರಾರು ಕರಾರೇ. ಹೊತ್ತು ಮುಳುಗಿತ್ತು, ನಾನು ಹೂಂ ಎಂದಿದ್ದೆ. ನಾಳೆ ಇನ್ನೊಂದು ಕಾರಣಕ್ಕೆ ಕಾರು ನಿಂತರೆ ಮತ್ತೆ ಇವರು ಹೊಗೆಯಲ್ಲಿ ಒಬ್ಬರೇ ಒದ್ದಾಡಬೇಕಲ್ಲ ಎಂಬ ಚಿಂತೆಯೂ ನನಗಿತ್ತು. ಅವರು ಕಾರಿನ ಉಸಿರಿನ ಬಗ್ಗೆ ಹೇಳಿದ್ದು ಕಿವಿಯಿಂದ ಹೋಗಿರಲಿಲ್ಲ.

ಬೆಳಿಗ್ಗೆ ಜಡೆ ಹಾಕಿಕೊಂಡೆ, ಬಿಚ್ಚಿದೆ, ಮತ್ತೆ ಹಾಕಿಕೊಂಡೆ. ಶಾಲೆಯ ಸೀರೆ ಉಡಲೋ ಮನೆಯ ಸೀರೆ ಉಡಲೋ ತಿಳಿಯದೆ ಕೋಣೆಯಲ್ಲೇ ಕೂತೆ. ಹೊರಗೆ ಅಂಗಳದಲ್ಲಿ ಅತ್ತೆಯ ಹೆಜ್ಜೆ ಕೇಳಿಸಿತು. ಬಾಗಿಲ ಹತ್ತಿರ ಬಂದು ನಿಂತರು.

"ಚಾಲು..." ಎಂದರು.

ಮಾತಿನ ನಡುವೆ ಉಸಿರು ಸಿಕ್ಕಿಕೊಂಡಿತು. ನಾನು ಜಡೆ ಹಿಡಿದ ಕೈಯನ್ನು ಹಾಗೇ ಬಿಟ್ಟು ತಲೆ ತಗ್ಗಿಸಿದೆ. ಆಯಿತು, ಮುಗಿಯಿತು ಎಂದುಕೊಂಡೆ. ಅವರು ಬಾಗಿಲ ಚೌಕಟ್ಟು ಹಿಡಿದು, ಉಸಿರು ಎಳೆದುಕೊಂಡು, ಮಾತು ಮುಂದುವರಿಸಿದರು.

"...ಚಾಲೂ ಐತಿ ಕಾರು. ನಿನ್ನ ಸಲುವಾಗಿ ಆವಾಗಿಂದ ನಿಂತೈತಿ. ಏಳು, ಸೀರಿ ಉಟಗೋ. ಸಂಜಿ ದೀಪ ಇನ್ನ ಮ್ಯಾಲ ನಾ ಹಚ್ಚತೀನಿ. ಒಲಿ ಮಾತ್ರ ನೀ ಬಂದು ಹಚ್ಚು."